ವಿದ್ಯೆ ತಲೆಗೆ ಹತ್ತುವ ಬಗೆ

“ಇವನ ತಲೆಗೆ ವಿದ್ಯೆ ಹತ್ತುವುದಿಲ್ಲ, ನಿನ್ನ ಜೊತೆಗೇ ಗಾರೆ ಕೆಲಸಕ್ಕೆ ಹಾಕಿಕೊಳ್ಳಪ್ಪ” ಎಂದು ನಾನು ಎಂಟನೆಯ ತರಗತಿಯಲ್ಲಿದ್ದಾಗ ಮೇಷ್ಟರೊಬ್ಬರು ನಮ್ಮ ತಂದೆಗೆ ಹೇಳಿದ್ದರು. ತಂದೆಯವರು ತಲೆ ತಗ್ಗಿಸಿ ಕೇಳಿಕೊಂಡರೇ ಹೊರತು ನನ್ನನ್ನು ಶಾಲೆ ಬಿಡಿಸಲಿಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಬಿ.ಎ. ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಆರಿಸಿಕೊಂಡದ್ದಕ್ಕೂ ಅದೇ ಕಾರಣವಿದ್ದೀತು. ವಿದ್ಯೆ ಹತ್ತುವುದೆಂದರೇನು? ತಲೆಯಲ್ಲಿ ಅದು ಹತ್ತುವುದಾದರೂ ಎಲ್ಲಿಗೆ?

2000ದಲ್ಲಿ ನೊಬೆಲ್ ಪಾರಿತೋಷಕ ಪಡೆದ ಎರಿಕ್ ಕ್ಯಾಂಡೆಲ್ ಇದನ್ನು ಏಪ್ಲೀಸಿಯ ಎಂಬ ಕಡಲ ಬಸವನಹುಳುವಿನಲ್ಲಿ ಹುಡುಕಿದರು. ಆ ಬಡಪ್ರಾಣಿಗೆ ಇರುವ ನರಕೋಶಗಳು ಸುಮಾರು 20,000 ಮಾತ್ರ. ಅದರ ಬಾಲಕ್ಕೆ ಒಂದು ಪೆಟ್ಟು ಕೊಟ್ಟರೆ ಕೆಲವು ನಿಮಿಷ ಎಚ್ಚರದಿಂದಿದ್ದು, ಮುಟ್ಟಿದೊಡನೆ ಕಿವಿರನ್ನು ಬಲವಾಗಿ ಒಳಸೆಳೆದುಕೊಳ್ಳುತ್ತದೆ, ಆಮೇಲೆ ಮರೆಯುತ್ತದೆ. ಬಿಡುವು ಕೊಟ್ಟು ಹಲವು ಸಲ ಪೆಟ್ಟು ಕೊಟ್ಟರೆ ದಿನಗಟ್ಟಲೆ ನೆನಪಿಡುತ್ತದೆ. ಹೀಗೆ ಕಲಿತ ಹುಳುವಿನ ಒಂದು ಸಂವೇದನಾ ನರಕೋಶವನ್ನು ಪರೀಕ್ಷಿಸಿದಾಗ, ಮುಂದಿನ ಕೋಶಕ್ಕೆ ಸುದ್ದಿ ಮುಟ್ಟಿಸುವ ನರತುದಿಗಳು ಸುಮಾರು 1,300ರಿಂದ 2,700ಕ್ಕೆ ಏರಿದ್ದುವು. ಕಲಿತದ್ದು ಗಾಳಿಯಲ್ಲಿರಲಿಲ್ಲ, ಬೆಳೆದು ನಿಂತಿತ್ತು!

ಹೊಸ ತುದಿ ಹುಟ್ಟುವ ಬಗೆ ಇನ್ನೂ ಸೊಗಸು. ನರತುದಿಯೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಹಂದರವಿದೆ. ಅದು ಎಲುಬಿನಂತೆ ಗಟ್ಟಿಯಾಗಿ ಕೂತದ್ದಲ್ಲ. ಸದಾ ಬಿಚ್ಚಿಕೊಳ್ಳುತ್ತ, ಕಟ್ಟಿಕೊಳ್ಳುತ್ತ ಇರುವಂಥದು. ಪೆಟ್ಟು ಬಿದ್ದಾಗ ಸಿರೊಟೊನಿನ್ ಎಂಬ ದ್ರವ್ಯ ಒಸರುತ್ತದೆ. ಅದು ಮತ್ತೆ ಮತ್ತೆ ಬಂದು ತಟ್ಟಿದರೆ ಒಳಗಿನ ಸಿಡಿಸಿ42 ಎಂಬ ಪ್ರೋಟೀನು ಎಚ್ಚೆತ್ತು ಆ ಹಂದರವನ್ನು ಮಾರ್ಪಡಿಸುತ್ತದೆ. ತುದಿಯಿಂದ ಸಣ್ಣ ಬೆರಳುಗಳಂಥ ಚಾಚುಗಳು ಹೊರಡುತ್ತವೆ. ಅವುಗಳಲ್ಲಿ ಕೆಲವು ಹೊಸ ಸಂಧಿಗಳಾಗುತ್ತವೆ. ಇದನ್ನು 2005ರಲ್ಲಿ ಕ್ಯಾಂಡೆಲರ ತಂಡದವರೇ ಪ್ರಕಟಿಸಿದರು. ಸಾರುವೆ ಕಟ್ಟಿ ಬಿಚ್ಚುವುದನ್ನು ನೋಡುತ್ತ ಬೆಳೆದ ನನಗೆ ಇದು ಅರ್ಥವಾಗಲು ತಡವಾಗಲಿಲ್ಲ.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಸಿರೊಟೊನಿನ್ನನ್ನು ಒಂದು ಸಲ ಕೊಟ್ಟರೆ ಪರಿಣಾಮ ನಿಮಿಷಗಳದ್ದು. ನಡುನಡುವೆ ಬಿಡುವು ಕೊಟ್ಟು ಐದು ಸಲ ಕೊಟ್ಟರೆ ಒಂದು ದಿನ ಮೀರಿ ನಿಲ್ಲುತ್ತದೆ. ಹೊಸ ಗೋಡೆಗೆ ತಂದೆಯವರು ಬೆಳಿಗ್ಗೆ ಸಂಜೆ ವಾರಗಟ್ಟಲೆ ನೀರು ಹೊಡೆಯುತ್ತಾರೆ. ಅಷ್ಟೂ ನೀರನ್ನು ಒಂದೇ ದಿನ ಸುರಿದು ಮನೆಗೆ ಹೋಗುವ ಗಾರೆಯವನನ್ನು ಯಾರು ಕೆಲಸಕ್ಕೆ ಕರೆದಾರು?

ಹುಳುವಿನ ಮಾತು ಮನುಷ್ಯನಿಗೇಕೆ ಎಂದು ಮಿತ್ರರು ನಗಬಹುದು. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದದ್ದನ್ನು ನೋಡಲಿ. ಅರ್ಥವಿಲ್ಲದ ಹನ್ನೆರಡು ಅಕ್ಷರಗುಚ್ಛಗಳ ಸಾಲನ್ನು ಒಂದೇ ದಿನ 68 ಬಾರಿ ಓದಿ ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿ ಓದಿದಾಗ 38 ಬಾರಿಗೇ ಆತ ಪಡೆದ.

ನಮ್ಮಲ್ಲಾದರೋ ಸೆಮಿಸ್ಟರಿನ ಕೊನೆಯ ವಾರದಲ್ಲಿ ಕಿರುಪರೀಕ್ಷೆಗಳೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಹಿಂದಿನ ರಾತ್ರಿ ಟೀ ಕುಡಿದು ಓದುತ್ತೇವೆ, ಮರುದಿನ ಬರೆದು ಮರೆಯುತ್ತೇವೆ. ಮನೆಯಲ್ಲಿ ಓದಿದವರಿರುವ ಹುಡುಗರಿಗೆ ಪಾಠದ ಮಾತು ಊಟದ ಹೊತ್ತಿಗೂ ಒಮ್ಮೆ ಕಿವಿಗೆ ಬಿದ್ದೀತು. ನನ್ನಂಥವರಿಗೆ ತರಗತಿಯ ಆ ಒಂದು ಗಂಟೆಯೇ ಎಲ್ಲ. ಕೊನೆಗೆ ದಡ್ಡನೆಂಬ ಹೆಸರು ಬರುವುದೂ ನಮಗೇ.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ: ಇಪ್ಪತ್ತು ಅಂಕಗಳ ಒಂದು ಪರೀಕ್ಷೆಗೆ ಬದಲಾಗಿ ನಾಲ್ಕು ಅಂಕಗಳ ಐದನ್ನು, ಹದಿನೈದು ದಿನಕ್ಕೊಂದರಂತೆ, ಹಳೆಯ ಪಾಠವನ್ನೂ ಸೇರಿಸಿ ಕೊಡಿ. ತಿದ್ದುವ ಹೊರೆ ಹೆಚ್ಚುವುದು ನಿಜ. ಪರಸ್ಪರ ಉತ್ತರಪತ್ರಿಕೆಗಳನ್ನು ನಾವೇ ತಿದ್ದಿಕೊಳ್ಳಲು ಸಿದ್ಧರಿದ್ದೇವೆ. ನಾನು ಈ ವರ್ಷವೇ ಹೊರಟುಹೋಗುವವನು. ಕೇಳುತ್ತಿರುವುದು ಮುಂದಿನ ಜೂನಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂರುವವರಿಗಾಗಿ.