ಹಂಚಿದರೂ ಕುಂದದ ಸ್ಮಾರಕ

ಗತಿಸಿದ ಹಿರಿಯರ ಸ್ಮರಣಾರ್ಥವಾಗಿ ಭಾವಚಿತ್ರವನ್ನು ಗೋಡೆಗೆ ತೂಗುಹಾಕುವ ಪದ್ಧತಿಯು ಅನೇಕ ಮನೆಗಳಲ್ಲಿ ಉಂಟು. ಆದರೆ ಹಂಚಿದರೂ ಕುಂದದ ಸ್ಮಾರಕವೊಂದನ್ನು ನಾವು ವಾಚಕ ಮಹಾಶಯರಿಗೆ ಸೂಚಿಸಬಯಸುವೆವು. ಅದು ಸುಗಂಧರಾಜದ ಗೆಡ್ಡೆ.

ಮೆಕ್ಸಿಕೊ ದೇಶದಿಂದ ಬಂದ ಈ ಸಸ್ಯವು ನಮ್ಮ ಹಿತ್ತಲುಗಳಿಗೆ ಚೆನ್ನಾಗಿ ಒಗ್ಗಿರುವುದು. ಮಳೆಗಾಲದ ಮೊದಲಲ್ಲಿ, ನೀರು ನಿಲ್ಲದ ಬಿಸಿಲಿನ ಸ್ಥಳದಲ್ಲಿ, 2 ಅಂಗುಲ ಆಳಕ್ಕೆ, ಗೇಣಿಗೊಂದರಂತೆ ನೆಡಬೇಕು. ಸುಮಾರು 3-4 ತಿಂಗಳುಗಳಲ್ಲಿ ಹೂದಂಟು ಏಳುವುದು. ಸಂಜೆಯಾಗುತ್ತಲೆ ಪರಿಮಳವು ಹೆಚ್ಚುವುದು. ಒಂದೇ ಸುತ್ತಿನ ಎಸಳುಳ್ಳ ಜಾತಿಯಲ್ಲಿ ಸುವಾಸನೆಯು ಅಧಿಕ.

ಇದರಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಒಮ್ಮೆ ಹೂ ಬಿಟ್ಟ ತಾಯಿಗೆಡ್ಡೆಯು ಪುನಃ ಹೂ ಬಿಡದು; ಸುತ್ತಲೂ ಮರಿಗಳನ್ನಿಟ್ಟು ತಾನು ಸೊರಗುವುದು. ಆ ಮರಿಗಳನ್ನೂ ಕೆಲವು ವರ್ಷಗಳಿಗೊಮ್ಮೆ ಅಗೆದು ಬಿಡಿಸಿ ನೆಡದಿದ್ದರೆ, ಒತ್ತಾಗಿ ಬೆಳೆದು ಹೂಗಳು ಕಡಮೆಯಾಗುವುವು. ಬೇರೆ ಬೇರೆ ಮಾಡಿ ನೆಡುವುದೇ ಇದರ ರಕ್ಷಣೆ.

ನಮ್ಮ ತಾಯಿಯವರು ಕಾಲವಾದ ಬಳಿಕ ಒಡವೆಗಳನ್ನು ತೂಗಿ ಹಂಚುವಾಗ ಬಂಧುಗಳಲ್ಲಿ ಮಾತು ಬೆಳೆಯಿತು. ಆದರೆ ಅವರ ಕೈಯ ಸುಗಂಧರಾಜದ ಪಾತಿಯನ್ನು ಅಗೆದು ಮೊಮ್ಮಕ್ಕಳು ತಲಾ ನಾಲ್ಕು ಗೆಡ್ಡೆಗಳನ್ನು ಒಯ್ದಾಗ ಯಾರ ಪಾಲೂ ಕಡಮೆಯಾಗಲಿಲ್ಲ. ಹಬ್ಬಹರಿದಿನಗಳಿಗೂ ಊರಿಗೆ ಬರಲಾಗದ, ಮುಂಬಯಿಯಲ್ಲಿರುವ ಮೊಮ್ಮಗಳ ಮನೆಯ ಕುಂಡದಲ್ಲಿಯೂ ಅಜ್ಜಿಯ ಹೂ ಅರಳುತ್ತಿದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ: ಸ್ಮಾರಕಕ್ಕೆ ಮರಣವನ್ನು ಕಾಯಬೇಕಾಗಿಲ್ಲ. ಮನೆಯಲ್ಲಿ ವೃದ್ಧರಿದ್ದರೆ ಈ ಮಳೆಗಾಲದಲ್ಲಿಯೇ ಅವರ ಕೈಯಿಂದ ಒಂದು ಗೆಡ್ಡೆಯನ್ನು ನೆಡಿಸಿರಿ. ನೀರೆರೆಯುವ ಚೊಂಬನ್ನು ಮೊಮ್ಮಗುವಿನ ಕೈಗೆ ಕೊಡಿರಿ.