ಸರ್ಕಾರದ ಲೆಕ್ಕ, ಪ್ರಜೆಯ ಹೊಣೆ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಲೋಕಲ್ ರೈಲಿನ ಓಟಕ್ಕೆ ಬದುಕನ್ನು ಹೊಂದಿಸಿಕೊಂಡ ಕನ್ನಡ ಕುಟುಂಬಗಳು ಜುಲೈ ಬಂದಾಗ ಕಾಗದಗಳನ್ನು ತೆರಿಗೆ ಸಲಹೆಗಾರರಿಗೆ ಒಪ್ಪಿಸಿ ನಿಶ್ಚಿಂತರಾಗುವುದುಂಟು. ಆ ಕಾಗದಗಳಲ್ಲಿ ಹಿರಿಯರ ಠೇವಣಿಯ ಬಡ್ಡಿ ಎಷ್ಟೋ ಬಾರಿ ಬಿಟ್ಟುಹೋಗಿರುತ್ತದೆ. ತೆರಿಗೆ ಕಡಿತ ಬೇಡವೆಂದು ಬ್ಯಾಂಕಿಗೆ ನಮೂನೆ ಕೊಟ್ಟಿದ್ದರೂ ಬಡ್ಡಿಯು ಆದಾಯವೇ.

ಮೂಲದಲ್ಲಿ ಕಡಿತವಾದ ತೆರಿಗೆಯನ್ನು 26ಎಎಸ್ ನಮೂನೆ ತೋರಿಸುತ್ತದೆ. 2021ರ ನವೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆ ತಂದ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯು ಬಡ್ಡಿ, ಲಾಭಾಂಶ, ಷೇರು ವ್ಯವಹಾರಗಳನ್ನೂ ಪ್ಯಾನ್ ಸಂಖ್ಯೆಯಡಿ ಒಟ್ಟುಗೂಡಿಸುತ್ತದೆ. ಈ ಪಟ್ಟಿಯಲ್ಲಿಯೂ ತಪ್ಪು ನುಸುಳಬಹುದು. ತಾಯಿಯ ಹಣದ ಜಂಟಿ ಠೇವಣಿಯ ಬಡ್ಡಿ, ಮೊದಲ ಹೆಸರು ಮಗನದೆಂಬ ಕಾರಣಕ್ಕೆ ಅವನ ಲೆಕ್ಕಕ್ಕೆ ಸೇರಿರಬಹುದು. ಒಂದೇ ಮೊತ್ತ ಎರಡು ಬಾರಿ ನಮೂದಾಗಿರಬಹುದು. ಅಂಥ ನಮೂದಿಗೆ ಪೋರ್ಟಲಿನಲ್ಲಿಯೇ ಆಕ್ಷೇಪ ದಾಖಲಿಸಬಹುದು. ಪಟ್ಟಿಯಲ್ಲಿ ಕಾಣದ ಆದಾಯವನ್ನಾದರೋ ತೆರಿಗೆದಾರರೇ ಘೋಷಿಸಬೇಕು.

ತಪ್ಪು ವರದಿ ಕೊಟ್ಟದ್ದು ಸಂಸ್ಥೆ, ನೋಟಿಸಿಗೆ ಉತ್ತರಿಸಬೇಕಾದುದು ಪ್ರಜೆ ಎಂಬುದು ನ್ಯಾಯವಲ್ಲ. ವರದಿ ಕೊಟ್ಟವರೇ ಅದನ್ನು ಕಾಲಮಿತಿಯೊಳಗೆ ತಿದ್ದುವಂತೆ ಸರ್ಕಾರ ನಿಯಮವನ್ನು ಬಿಗಿಗೊಳಿಸಬೇಕು. ಅಲ್ಲಿಯವರೆಗೆ, ರಿಟರ್ನ್ ಸಲ್ಲಿಸುವ ಮುನ್ನ ಪಾಸ್‌ಬುಕ್ಕನ್ನೂ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಮನೆಯವರು ಒಂದು ಭಾನುವಾರವನ್ನು ಮೀಸಲಿಡುವುದು ಲೇಸು.