ಕಣ್ಣು ಕುಕ್ಕುವ ಬೆಳಕು ದಾರಿ ತೋರಿಸದು

ಹೊತ್ತು ಮುಳುಗಿದ ಮೇಲೆ ರಾಮನಗರದಿಂದ ಚನ್ನಪಟ್ಟಣಕ್ಕೆ, ಕನಕಪುರದಿಂದ ಸಾತನೂರಿಗೆ, ಮಾಗಡಿಯಿಂದ ಕುದೂರಿಗೆ ಬೈಕಿನಲ್ಲಿ ಓಡಾಡುವವರನ್ನು ಕೇಳಿ ನೋಡಿ. ಗುಂಡಿ, ಹಂಪು, ಬೀದಿನಾಯಿಗಳ ದೂರು ಆಮೇಲೆ. ಮೊದಲು ಬಾಯಿಗೆ ಬರುವ ಮಾತು ಒಂದೇ: "ಎದುರುಗಡೆ ಲೈಟು ಸ್ವಾಮಿ, ಏನೂ ಕಾಣಲ್ಲ!"

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಹಾಲಿನಂಥ ಬಿಳಿ ಬೆಳಕಿನ ಎಲ್‌ಇಡಿ ಬಲ್ಬು ಸಿಗುತ್ತದೆ. ಹಳೆಯ ಬಲ್ಬು ಕಿತ್ತು ಇದನ್ನು ಸಿಕ್ಕಿಸಲು ಹತ್ತು ನಿಮಿಷ ಸಾಕು. ನಿನ್ನೆ ಎದುರಿನವನ ಬೆಳಕಿಗೆ ಕಣ್ಣು ಮುಚ್ಚಿಕೊಂಡವನು "ಅವನು ಹಾಕ್ಕೊಂಡಿದಾನೆ, ನಾನ್ಯಾಕೆ ಬಿಡ್ಲಿ" ಎಂದು ಇವತ್ತು ತಾನೂ ಹಾಕಿಸಿಕೊಳ್ಳುತ್ತಾನೆ. ಹೀಗೆ ಒಬ್ಬರ ಕಣ್ಣಿಗೆ ಒಬ್ಬರು ಮಣ್ಣೆರಚಿಕೊಳ್ಳುವ ಪೈಪೋಟಿ ನಡೆದಿದೆ.

ಹೆಚ್ಚು ಬೆಳಕು ಬೇಕೆನ್ನುವವನ ಮಾತು ಸುಳ್ಳಲ್ಲ. ಕನಕಪುರದ ಕಾಡಂಚಿನ ಹಾದಿಗೆ ರಾತ್ರಿ ಆನೆ ಇಳಿಯುವುದು ಹೊಸದಲ್ಲ. ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ರಾಗಿ ಕಣ. ಕಬ್ಬಿನ ಟ್ರಾಕ್ಟರಿನ ಹಿಂದೆ ಕೆಂಪು ರಿಫ್ಲೆಕ್ಟರೂ ಇಲ್ಲದಿದ್ದರೆ ಹತ್ತಿರ ಹೋಗುವ ತನಕ ಅಲ್ಲೊಂದು ಗಾಡಿ ಇದೆಯೆಂದೇ ಗೊತ್ತಾಗುವುದಿಲ್ಲ. ಹೆದ್ದಾರಿಯ ಕತೆ ಬೇರೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ ರಸ್ತೆಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ರೇಷ್ಮೆಗೂಡು ತರುವ ರೈತ, ಪಾಳಿ ಮುಗಿಸಿ ಬರುವ ಕಾರ್ಮಿಕ ಎಲ್ಲರೂ ಸರ್ವೀಸ್ ರಸ್ತೆಗೇ ಇಳಿಯಬೇಕು. ಅಲ್ಲಿ ಎದುರಿನಿಂದ ಬರುವ ವಾಹನದ ಬೆಳಕು ನೇರ ಮುಖಕ್ಕೇ ಹೊಡೆಯುತ್ತದೆ.

ಆದರೆ ಬೆಳಕು ಹೆಚ್ಚಾಗುವುದು ಬೇರೆ, ದಾರಿ ಕಾಣುವುದು ಬೇರೆ. ಹಳೆಯ ಕಾರು, ಬೈಕುಗಳ ಹೆಡ್‌ಲೈಟನ್ನು ಹ್ಯಾಲೊಜೆನ್ ಬಲ್ಬಿಗೆಂದೇ ಮಾಡಿರುತ್ತಾರೆ. ಬಲ್ಬಿನೊಳಗಿನ ತಂತಿ ಎಲ್ಲಿರುತ್ತದೆ ಎಂಬ ಲೆಕ್ಕದ ಮೇಲೆಯೇ ಒಳಗಿನ ಕನ್ನಡಿ ಬೆಳಕನ್ನು ರಸ್ತೆಗೆ ಇಳಿಸುತ್ತದೆ. ಡಿಮ್ ತಂತಿಯ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲು ಇರುತ್ತದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದರ ಕೆಲಸ. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬೇರೆ. ಹೀಗಾಗಿ ಡಿಮ್ ಮಾಡಿದರೂ ಬೆಳಕು ಎದುರಿನವನ ಕಣ್ಣಿಗೇ ಹೋಗುತ್ತದೆ. ಓಡಿಸುವವನಿಗೋ ಗಾಡಿಯ ಮುಂದಿನ ನೆಲ ಫಳಫಳ ಹೊಳೆಯುತ್ತದೆ, ದೂರದ ಗುಂಡಿ ಕಾಣುವುದಿಲ್ಲ. ಕಾರ್ಖಾನೆಯಿಂದಲೇ ಎಲ್‌ಇಡಿ ಹೆಡ್‌ಲೈಟಿನೊಂದಿಗೆ ಬಂದ ವಾಹನದ ಮಾತು ಬೇರೆ, ಅದರ ಕನ್ನಡಿಯನ್ನೂ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ.

ಇನ್ನು "ನೂರು ವಾಟ್ಸ್ ಹಾಕ್ಸಿ ಸಾರ್" ಎನ್ನುವ ಸಲಹೆ. ಸಾಮಾನ್ಯ ಎಚ್-4 ಬಲ್ಬು 60/55 ವಾಟಿನದು, ಎಳೆಯುವುದು ಸುಮಾರು 5 ಆಂಪಿಯರ್. ಹೈಬೀಮಿನಲ್ಲಿ 100 ವಾಟ್ ಉರಿಯುವ ಬಲ್ಬು 8 ಆಂಪಿಯರಿಗೂ ಮೀರಿ ಎಳೆಯುತ್ತದೆ. ಕಂಪನಿ ಕೊಟ್ಟ ವೈರು, ಸ್ವಿಚ್ಚು, ಹೋಲ್ಡರು ಅಷ್ಟು ಬಿಸಿ ತಾಳುವುದಿಲ್ಲ. ಮೊದಲು ಹೋಲ್ಡರು ಕರಗುತ್ತದೆ, ಆಮೇಲೆ ವೈರಿಂಗು ಸುಡುತ್ತದೆ. ನೀಲಿ ಬಣ್ಣ ಬಳಿದ ಬಲ್ಬು ಇನ್ನೂ ಮೋಸ: ಬಣ್ಣವೇ ಒಂದಷ್ಟು ಬೆಳಕು ತಿಂದುಹಾಕುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕಂಪನಿ ಹೇಳಿದ ಅಳತೆಯ, ಹೆಸರುಳ್ಳ ತಯಾರಕರ ಹ್ಯಾಲೊಜೆನ್ ಬಲ್ಬನ್ನೇ ಹಾಕಿಸಬೇಕು. ಕಾರಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಗಾಜಿಗೆ ಬೆರಳು ತಾಕಿಸಕೂಡದು, ಕೈಯ ಜಿಡ್ಡಿನಿಂದ ಬಲ್ಬು ಬೇಗ ಹೋಗುತ್ತದೆ. ಬೆಳಕು ಮಂದವೆನಿಸಿದರೆ ಮೊದಲು ವೈರು, ಅರ್ತಿಂಗ್ ನೋಡಿಸಬೇಕು. ಬಲ್ಬಿಗೆ ತಲುಪುವ ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಒಂದು ರಿಲೇ ಕೂರಿಸಿದರೆ ಹಳೆಯ ಬಲ್ಬೇ ಹೊಸದರಂತೆ ಉರಿದೀತು. ಹೆಡ್‌ಲೈಟಿನ ಗಾಜು ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಬೇಕು.

ಕೊನೆಯದು ಖರ್ಚಿಲ್ಲದ ಕೆಲಸ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ ಡಿಮ್ ಹಾಕಬೇಕು. ಬೆಳಕಿನ ಮೇಲಂಚು ಹೆಡ್‌ಲೈಟಿನ ನಡುಮಟ್ಟಕ್ಕಿಂತ ಎರಡು ಮೂರು ಇಂಚು ಕೆಳಗಿರಬೇಕು. ಇಲ್ಲದಿದ್ದರೆ ಸ್ಕ್ರೂ ತಿರುಗಿಸಿ ಇಳಿಸಿದರಾಯಿತು.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದಕ್ಕೆಂದೇ ಇದೆ. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎನ್ನುತ್ತದೆ ಅದು. ಹಿಂದೆ ಲಾರಿ, ಬಸ್ಸುಗಳ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದುದೂ ಇದೇ ಕಾರಣಕ್ಕೆ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಇಂಥ ಲೈಟುಗಳ ವಿರುದ್ಧ ಅಭಿಯಾನವನ್ನೇ ನಡೆಸಿ, ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಕೇಸು ಹಾಕಿದರು.

ಅಭಿಯಾನ ಬಂದಾಗ ನಾಲ್ಕು ದಿನ ದಂಡ ಕಟ್ಟಿಸಿಕೊಂಡರೆ ಸಾಲದು. ಲಾರಿ, ಬಸ್ಸು, ಟ್ಯಾಕ್ಸಿಗಳಾದರೂ ಎಫ್‌ಸಿಗೆಂದು ಆರ್‌ಟಿಒ ಮುಂದೆ ಬರುತ್ತವೆ. ಸ್ವಂತ ಕಾರು, ಬೈಕುಗಳಿಗೆ 15 ವರ್ಷ ಕೇಳುವವರೇ ಇಲ್ಲ. ಆದರೆ ಹೊಗೆ ತಪಾಸಣೆಗೆ ಎಲ್ಲರೂ ಬರಬೇಕಲ್ಲ? ಅಲ್ಲೇ ಗೋಡೆಗೊಂದು ಗೆರೆ ಎಳೆದು ಲೈಟೂ ನೋಡಲಿ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟು ಹಗಲೂ ಆರುವುದಿಲ್ಲ ಎಂದ ಮೇಲೆ ಈ ತಪಾಸಣೆ ಇನ್ನೂ ಜರೂರು. ಹಾಕಿಸಿಕೊಂಡ ಹುಡುಗನನ್ನು ಹಿಡಿಯುವ ಪೊಲೀಸರು, ಮಾರುವ ಅಂಗಡಿಯ ಮೆಟ್ಟಿಲನ್ನೂ ಒಮ್ಮೆ ಹತ್ತಲಿ. ಸರ್ವೀಸ್ ರಸ್ತೆಗಳ ದೀಪ ಉರಿಯುವಂತೆ, ಟ್ರಾಕ್ಟರಿನ ಹಿಂದೆ ರಿಫ್ಲೆಕ್ಟರ್ ಇರುವಂತೆ ನೋಡಿಕೊಂಡರೆ ಜನ ನೂರು ವಾಟಿನ ಬಲ್ಬು ಹುಡುಕಿಕೊಂಡು ಹೋಗುವ ಕಾರಣವೇ ಅರ್ಧ ಕಡಿಮೆಯಾಗುತ್ತದೆ.

ಬಲ್ಬು ಹಾಕಿಸುವವರು ಇಷ್ಟು ನೆನಪಿಡಬೇಕು. ನಿಮ್ಮ ಬೆಳಕಿಗೆ ಕಣ್ಣು ಕತ್ತಲಾದವನು ಅಲ್ಲೇ ನಿಂತುಬಿಡುವುದಿಲ್ಲ. ಏನೂ ಕಾಣದೆಯೇ ನಿಮ್ಮ ಗಾಡಿಯ ಕಡೆಗೇ ಬರುತ್ತಿರುತ್ತಾನೆ.